ಊರುಗೋಲಿನ ಭೌತವಿಜ್ಞಾನ

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಮಳೆಗಾಲವೆಂದರೆ ಪಾಚಿಗಟ್ಟಿದ ಅಂಗಳ, ಜಾರುವ ಕೆಂಪುಕಲ್ಲಿನ ಮೆಟ್ಟಿಲು. ಕೋಲು ಹಿಡಿಯಲು ಸಂಕೋಚಪಡುವ ಹಿರಿಯರು ಉದ್ದನೆಯ ಕೊಡೆಯನ್ನೇ ಊರಿ ನಡೆಯುವುದನ್ನು ನೀವು ಗಮನಿಸಿರಬಹುದು. ನನ್ನ ತಾಯಿಯೂ ಹಾಗೆಯೇ ನಡೆಯುತ್ತಿದ್ದರು. ಒಮ್ಮೆ ಕೊಡೆಯ ಲೋಹದ ತುದಿ ಜಾರಿತು. ಸೊಂಟದ ಮೂಳೆ ಮುರಿಯಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜಿನಂತೆ, ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000. ಅವರಲ್ಲಿ 60 ವರ್ಷ ದಾಟಿದವರೇ ಹೆಚ್ಚು.

ದೇಹದ ಗುರುತ್ವಕೇಂದ್ರದಿಂದ ಕೆಳಗೆಳೆದ ಲಂಬರೇಖೆ ಪಾದಗಳ ನಡುವಿನ ಆಧಾರಕ್ಷೇತ್ರದಿಂದ ಹೊರಬಿದ್ದಾಗ ನಾವು ಬೀಳುತ್ತೇವೆ. ಕೋಲು ಈ ಕ್ಷೇತ್ರವನ್ನು ಹಿಗ್ಗಿಸುತ್ತದೆ. ನಾಲ್ಕು ಕಾಲಿನ ವಾಕರ್ ಇನ್ನಷ್ಟು ಹಿಗ್ಗಿಸುತ್ತದೆ. ಆದರೆ ಮೆಟ್ಟಿಲಿಗೆ ವಾಕರ್ ಸಲ್ಲದು. ಅಲ್ಲಿ ಕೈಪಿಡಿ ಬೇಕು.

ಕೋಲು ಯಾವ ಕೈಯಲ್ಲಿರಬೇಕು? ನೋವಿರುವ ಕಾಲಿನ ಎದುರು ಕೈಯಲ್ಲಿ. ಲೆಕ್ಕ ಹಾಕಿ ನೋಡೋಣ. 60 ಕಿ.ಗ್ರಾಂ ತೂಕದವರು ಎಡಗಾಲಲ್ಲಿ ನಿಂತಾಗ ಆ ಕಾಲನ್ನು ಬಿಟ್ಟು ಉಳಿದ ಸುಮಾರು 50 ಕಿ.ಗ್ರಾಂ ಭಾರ ಸೊಂಟದ ಕೀಲಿನಿಂದ 10 ಸೆಂ.ಮೀ. ದೂರದಲ್ಲಿದೆ ಎನ್ನಿ. ಇದನ್ನು ಸರಿದೂಗಿಸುವ ಸ್ನಾಯು ಕೀಲಿನಿಂದ 5 ಸೆಂ.ಮೀ. ದೂರದಲ್ಲಿದ್ದರೆ ಅದು 100 ಕಿ.ಗ್ರಾಂ ಬಲದಿಂದ ಎಳೆಯಬೇಕು. ಕೀಲಿನ ಮೇಲೆ ಒಟ್ಟು 150! ಬಲಗೈಯ ಕೋಲು 35 ಸೆಂ.ಮೀ. ದೂರದಲ್ಲಿ ಕೇವಲ 8 ಕಿ.ಗ್ರಾಂ ಹೊತ್ತರೆ ಸ್ನಾಯುವಿನ ಪಾಲು 44ಕ್ಕೂ ಕೀಲಿನ ಹೊರೆ 86ಕ್ಕೂ ಇಳಿಯುತ್ತದೆ. ಇದು ಸರಳೀಕರಿಸಿದ ಲೆಕ್ಕವಾದರೂ ಸನ್ನೆಯ ತತ್ತ್ವ ಸ್ಪಷ್ಟ. ಮಂಡಿನೋವಿಗೂ ಇದೇ ನಿಯಮ.

ಕೋಲು ಲಂಬದಿಂದ ಎಷ್ಟು ಓರೆಯಾಗಬಹುದೆಂಬುದನ್ನು ಘರ್ಷಣೆ ನಿರ್ಧರಿಸುತ್ತದೆ. ಘರ್ಷಣಾಂಕ 0.3 ಇದ್ದರೆ 17 ಡಿಗ್ರಿಗೇ ಜಾರುತ್ತದೆ, 0.7 ಇದ್ದರೆ 35 ಡಿಗ್ರಿವರೆಗೆ ನಿಲ್ಲುತ್ತದೆ. ಆದ್ದರಿಂದ ತುದಿಗೆ ರಬ್ಬರ್ ಬಿರಡೆ ಬೇಕು; ಅದರ ಗೀರುಗಳು ಸವೆದೊಡನೆ ಬದಲಿಸಬೇಕು. ಪಾಚಿಯ ಮೇಲೆ ರಬ್ಬರೂ ಜಾರುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವ ನಮ್ಮವರ ರೂಢಿ ಇಲ್ಲಿ ಅರ್ಥಪೂರ್ಣ: ಸೋಗೆ ನೆಲಕ್ಕೆ ಬೆಳಕು ತಡೆದು ಪಾಚಿಯನ್ನು ತಗ್ಗಿಸುತ್ತದೆ, ಹೆಜ್ಜೆಗೆ ಒರಟು ಹಿಡಿತವನ್ನೂ ಕೊಡುತ್ತದೆ.

ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟದಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಬಚ್ಚಲಿಗೆ ಹಿಡಿಕೆ, ರಾತ್ರಿ ಹೋಗುವ ದಾರಿಗೆ ದೀಪ ಇರಲಿ. ತಲೆಸುತ್ತು ಬರುತ್ತಿದ್ದರೆ ಔಷಧಿಗಳನ್ನೂ ಕಣ್ಣನ್ನೂ ವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು.

ಶಿಕ್ಷಕರೇ, ಈ ವಾರ ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯ ಕೋಲಿನ ಎತ್ತರವನ್ನೂ ತುದಿಯನ್ನೂ ಪರೀಕ್ಷಿಸಿ ಬರಲಿ. ಸನ್ನೆ ಮತ್ತು ಘರ್ಷಣೆಯ ಪಾಠಕ್ಕೆ ಇದಕ್ಕಿಂತ ಉಪಯುಕ್ತ ಪ್ರಯೋಗ ಬೇಕೆ?