ನಡುವಿನ ಮೇಲೆ ನೀಲಿ ಪಟ್ಟಿ

2012ರ ಯುರೋ ಕಪ್ ಸೆಮಿಫೈನಲ್. ವಾರ್ಸಾದಲ್ಲಿ ಜರ್ಮನಿಯ ವಿರುದ್ಧ ತನ್ನ ಎರಡನೇ ಗೋಲು ಹೊಡೆದ ಇಟಲಿಯ ಮಾರಿಯೊ ಬಲೊಟೆಲ್ಲಿ ಅಂಗಿ ಕಳಚಿ, ಮೈ ಬಿಗಿದು ನಿಂತುಬಿಟ್ಟ. ಅದಕ್ಕೆ ಹಳದಿ ಕಾರ್ಡ್ ಸಿಕ್ಕಿತು. ಆ ಚಿತ್ರ ಮಾತ್ರ ಲೋಕವೆಲ್ಲ ಸುತ್ತಿತು. ಬೆನ್ನಿನ ಕೆಳಭಾಗಕ್ಕೆ ಅಂಟಿಸಿಕೊಂಡಿದ್ದ ನೀಲಿ ಪಟ್ಟಿಗಳೂ ಜೊತೆಗೇ ಸುತ್ತಿದವು.

ಅದು ಕಿನಿಸಿಯಾಲಜಿ ಟೇಪ್. ಜಪಾನಿನ ಕೈರೊಪ್ರಾಕ್ಟರ್ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ್ದು. ಆಟಗಾರರಿಗೆ ಮೊದಲಿನಿಂದ ಗೊತ್ತಿದ್ದದ್ದು ಬಿಳಿಯ ಗಟ್ಟಿ ಟೇಪು. ಕೀಲು ಅಲುಗದಂತೆ ಬಿಗಿಯುವುದೇ ಅದರ ಕೆಲಸ. ನೋವಿರುವ ಜಾಗಕ್ಕೆ ಆಸರೆಯೂ ಇರಬೇಕು, ಓಡಾಟವೂ ನಿಲ್ಲಬಾರದು ಎನ್ನುವುದು ಕಾಸೆಯ ಹಂಬಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಷ್ ಭುಜಕ್ಕೆ ಕಪ್ಪು ಟೇಪು ಹಚ್ಚಿಕೊಂಡು ಚಿನ್ನ ಗೆದ್ದ ಮೇಲೆ ಅದು ಮನೆಮಾತಾಯಿತು. ಈಗ ನಮ್ಮ ಊರುಗಳ ಫಿಸಿಯೊಥೆರಪಿ ಕ್ಲಿನಿಕ್ಕುಗಳಲ್ಲೂ ಅದರ ಸುರುಳಿಗಳಿವೆ. ಹತ್ತಿಯ ಬಟ್ಟೆ, ಒಳಗೆ ಎಲಾಸ್ಟಿಕ್ ಎಳೆ, ಹಿಂಬದಿಗೆ ಅಲೆಅಲೆಯಾಗಿ ಬಳಿದ ಅಕ್ರಿಲಿಕ್ ಅಂಟು. ಔಷಧ ಏನೂ ಇಲ್ಲ. ನೀಲಿ ತಂಪು, ಕೆಂಪು ಬಿಸಿ ಎನ್ನುವವರಿದ್ದಾರೆ. ಬಣ್ಣ ಬೇರೆಯಾದ ಮಾತ್ರಕ್ಕೆ ಗುಣ ಬದಲಾಗುವುದಿಲ್ಲ.

ನಡುವಿಗೆ ಟೇಪು ಅಂಟಿಸುವ ಮುನ್ನ ನೋವು ಎಲ್ಲಿಯದೆಂದು ಗೊತ್ತಿರಬೇಕು. ಸೊಂಟ ನೋವು ಎಂದು ನಾವು ಒಟ್ಟಾಗಿ ಹೇಳಿಬಿಡುವ ನೋವು ಬೆನ್ನುಮೂಳೆಯ ಸುತ್ತಲಿನದೇ ಆಗಬೇಕಿಲ್ಲ. ಅದಕ್ಕೂ ಕೆಳಗೆ, ನಡುವಿನ ಎಡಬಲಕ್ಕೆ ಕಾಣುವ ಎರಡು ಗುಳಿಗಳ ಹತ್ತಿರ, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯೂ ಸೊಂಟದ ಮೂಳೆಯೂ ಕೂಡುವ ಸ್ಯಾಕ್ರೊಇಲಿಯಾಕ್ ಕೀಲು ಇದೆ. ಫಿಸಿಯೊಗಳ ಬಾಯಲ್ಲಿ ಅದು ಎಸ್‌ಐ ಜಾಯಿಂಟ್. ಮೈಯ ಭಾರವೆಲ್ಲ ಕಾಲಿಗೆ ಇಳಿಯುವುದು ಇದರ ಮೂಲಕ, ಆದರೆ ಅದು ಅಲುಗುವುದು ಕೆಲವೇ ಮಿಲಿಮೀಟರ್. ಈ ಕೀಲು ನೋಯುವವರು 'ಎಲ್ಲಿ?' ಎಂದರೆ ಅಂಗೈ ಸವರಿ ತೋರಿಸುವುದು ಕಡಿಮೆ, ಒಂದೇ ಬೆರಳಿಟ್ಟು ಗುಳಿಯ ಕೆಳಗೆ ಒತ್ತುತ್ತಾರೆ. ಹಾಸಿಗೆಯಲ್ಲಿ ಮಗ್ಗಲು ಬದಲಿಸುವಾಗ, ಮೆಟ್ಟಿಲು ಹತ್ತುವಾಗ, ಒಂಟಿಕಾಲಲ್ಲಿ ನಿಂತು ಪ್ಯಾಂಟು ಹಾಕುವಾಗ ಚುಳ್ಳೆನ್ನುತ್ತದೆ. ಗರ್ಭಿಣಿಯರಲ್ಲಿ ಸುಮಾರು ಐವರಿಗೊಬ್ಬರನ್ನು ಈ ಭಾಗದ ನೋವು ಕಾಡುತ್ತದೆ.

ಟೇಪು ಅಂಟಿಸುವುದರಲ್ಲಿ ಕೈಚಳಕವಿದೆ. ಮೊದಲು ಚರ್ಮದ ಎಣ್ಣೆ, ಬೆವರು ಒರೆಸಬೇಕು. ಪಟ್ಟಿಯ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡುತ್ತಾರೆ. ಚೂಪಾಗಿದ್ದರೆ ಬಟ್ಟೆಗೆ ಸಿಕ್ಕಿ ಏಳುತ್ತದೆ. ಎರಡು ಬೆರಳಗಲದ ತುದಿಯನ್ನು ಎಳೆಯದೆ ತ್ರಿಕಾಸ್ಥಿಯ ಮೇಲೆ ಕೂರಿಸಿ, ಆಮೇಲೆ ಮುಂದಕ್ಕೆ ಬಗ್ಗಲು ಹೇಳಿ, ಬೆನ್ನುಮೂಳೆಯ ಎರಡೂ ಪಕ್ಕಕ್ಕೆ ಒಂದೊಂದು ಪಟ್ಟಿಯನ್ನು ಹಗುರವಾಗಿ ಮೇಲಕ್ಕೆ ಒಯ್ಯುತ್ತಾರೆ. ಎಸ್‌ಐ ನೋವಾದರೆ ಎರಡು ಗುಳಿಗಳನ್ನು ಸೇರಿಸುವಂತೆ ಇನ್ನೊಂದು ಅಡ್ಡಪಟ್ಟಿ, ನಡುಭಾಗವನ್ನಷ್ಟೇ ಎಳೆದು. ತುದಿಯನ್ನೂ ಎಳೆದು ಅಂಟಿಸಿದರೆ ಚರ್ಮದ ಮೇಲೆ ಬೊಬ್ಬೆ ಏಳುವುದು ಅಲ್ಲೇ. ಕೊನೆಗೆ ಅಂಗೈಯಿಂದ ಉಜ್ಜಬೇಕು, ಆ ಕಾವಿಗೆ ಅಂಟು ಹಿಡಿಯುತ್ತದೆ. ಮತ್ತೆ ನೆಟ್ಟಗೆ ನಿಂತಾಗ ಟೇಪಿನ ಮೇಲೆ ಸಣ್ಣ ಸುಕ್ಕುಗಳು ಮೂಡುತ್ತವೆ. ಮೂರರಿಂದ ಐದು ದಿನ ಇಟ್ಟುಕೊಳ್ಳಬಹುದು, ಸ್ನಾನಕ್ಕೆ ಅಡ್ಡಿಯಿಲ್ಲ. ತೆಗೆಯುವಾಗ ಕೊಬ್ಬರಿ ಎಣ್ಣೆ ಸವರಿ, ಚರ್ಮ ಒತ್ತಿ ಹಿಡಿದು, ಕೂದಲು ಮಲಗಿರುವ ದಿಕ್ಕಿಗೆ ಮೆಲ್ಲಗೆ ಬಿಡಿಸಿ. ಗಾಯ, ಕಜ್ಜಿ ಇದ್ದಲ್ಲಿ, ಅಂಟು ಒಗ್ಗದ ಮೈಗೆ ಇದು ಬೇಡ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಆ ಸುಕ್ಕುಗಳೇ ಇಡೀ ವಾದದ ಬುನಾದಿ. ಸುಕ್ಕು ಚರ್ಮವನ್ನು ಮೇಲೆತ್ತುತ್ತದೆ, ಕೆಳಗೆ ರಕ್ತ ಸರಾಗ ಹರಿಯುತ್ತದೆ, ನೋವು ಇಳಿಯುತ್ತದೆ ಎನ್ನುತ್ತಾರೆ ಟೇಪಿನ ಪ್ರತಿಪಾದಕರು. ಬ್ರೆಜಿಲ್‌ನ ಸಂಶೋಧಕರು ಇದನ್ನೇ ಒರೆಗೆ ಹಚ್ಚಿದರು. ಹಳೆಯ ಸೊಂಟ ನೋವಿನ 148 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸುಕ್ಕು ಬರುವಂತೆ, ಇನ್ನೊಂದಕ್ಕೆ ಸುಕ್ಕಿಲ್ಲದಂತೆ ಅಂಟಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು: ಸುಕ್ಕು ಇದ್ದವರಿಗೆ ಹೆಚ್ಚಿನ ಲಾಭವೇನೂ ಆಗಿರಲಿಲ್ಲ. 2012ರಲ್ಲಿ ಪ್ರಕಟವಾದ, ಸ್ಪೇನ್‌ನಲ್ಲಿ 60 ಜನರ ಮೇಲೆ ನಡೆದ ಅಧ್ಯಯನ ಒಂದಿಷ್ಟು ಗುಣ ಕಂಡಿತ್ತು, ಅದೂ ಹೇಳಿಕೊಳ್ಳುವಷ್ಟಲ್ಲ.

ಹಾಗಾದರೆ ಅಂಟಿಸಿಕೊಂಡವರು 'ಹಾಯೆನಿಸಿತು' ಎನ್ನುವುದು ಸುಳ್ಳೇ? ಅಲ್ಲ. ಚರ್ಮದ ಮೇಲಿನ ಎಡೆಬಿಡದ ಸ್ಪರ್ಶ ನೋವನ್ನು ಮಂಕಾಗಿಸಬಹುದು. ಪೆಟ್ಟು ಬಿದ್ದ ಕೂಡಲೇ ನಾವು ಆ ಜಾಗ ಉಜ್ಜಿಕೊಳ್ಳುವುದಿಲ್ಲವೆ? ಯಾರೋ ಕೈಯಿಟ್ಟು ನೋಡಿದರು ಎಂಬ ಧೈರ್ಯವೂ ಸೇರಿಕೊಳ್ಳುತ್ತದೆ. ಬಗ್ಗಲು ಹೆದರಿ ಮಂಚ ಹಿಡಿದವರು ಟೇಪಿನ ಭರವಸೆಯಲ್ಲಿ ಎದ್ದು ನಡೆದಾಡಿದರೆ ಕೊಟ್ಟ ದುಡ್ಡು ದಕ್ಕಿತು, ನನ್ನ ಎಣಿಕೆಯಲ್ಲಿ ಅದರ ಬೆಲೆ ಅಷ್ಟೇ. ಸೊಂಟಕ್ಕೆ ಆಸರೆಯಾಗುವ ಪೃಷ್ಠದ, ಹೊಟ್ಟೆಯ ಸ್ನಾಯುಗಳು ಗಟ್ಟಿಯಾಗುವುದು ವ್ಯಾಯಾಮದಿಂದ. ಅದನ್ನು ಕಲಿಸದೆ ವಾರವಾರವೂ ಟೇಪು ಬದಲಿಸಿ ಕಳಿಸುವ ಕ್ಲಿನಿಕ್ಕಿನ ಸಹವಾಸ ಬಿಡುವುದು ಲೇಸು.

ಎಳೆಯ ವಯಸ್ಸಿನವರಿಗೆ ಮೂರು ತಿಂಗಳು ಮೀರಿದ ಸೊಂಟ ನೋವು, ಬೆಳಗ್ಗೆ ಎದ್ದಾಗ ಅರ್ಧ ಗಂಟೆಯಾದರೂ ಬಿಡದ ಬಿಗಿತ, ಓಡಾಡಿದರೆ ಕಡಿಮೆ, ಕುಳಿತರೆ ಜಾಸ್ತಿ ಎಂದಾದರೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಸಂಧಿವಾತ ಇರಬಹುದು. ಸಂಧಿವಾತ ತಜ್ಞರಿಗೆ ತೋರಿಸಿ. ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಕಾಲು ಸೋತರೆ ಟೇಪಿನ ಮಾತೇ ಬೇಡ, ಆ ಕೂಡಲೇ ಆಸ್ಪತ್ರೆಗೆ ಹೋಗಿ.