ಒಂದು ವರದಿ, ಪಕ್ಕದ ಹಾಸಿಗೆ

ಖಲೀಫಾ ಸಿಟಿಯ ನಮ್ಮ ಮನೆಗಳಲ್ಲಿ ನಾಲ್ಕು ಜನ ಸೇರಿದರೆ ಮಾತು ಊರಿನ ಹಿರಿಯರ ಕಡೆಗೇ ತಿರುಗುತ್ತದೆ. ಒಬ್ಬರ ತಾಯಿ ಮಂಗಳೂರಿನ ವೃದ್ಧಾಶ್ರಮದಲ್ಲಿ, ಇನ್ನೊಬ್ಬರ ಮಾವ ಬೆಂಗಳೂರಿನ ನರ್ಸಿಂಗ್ ಹೋಮಿನಲ್ಲಿ. (ಊರಿನಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ, ಪಶ್ಚಿಮದವರಿಗೆ ವೃದ್ಧರನ್ನು ನೋಡಿಕೊಳ್ಳುವ ಮನೆ. ನಮ್ಮ ಮಾತು ಎರಡಕ್ಕೂ ಸಲ್ಲುತ್ತದೆ.)

ಮೊನ್ನೆ ಅಂಥ ಕೂಟದಲ್ಲಿ ಸದಸ್ಯರೊಬ್ಬರು ಗಾಬರಿಯಿಂದ ಫೋನು ತೋರಿಸಿದರು. ತಾಯಿಯ ಮೂತ್ರಪರೀಕ್ಷೆಯ ವರದಿ. ಔಷಧಗಳ ಉದ್ದ ಪಟ್ಟಿ, ಹೆಚ್ಚಿನವುಗಳ ಮುಂದೆ 'ಆರ್' ಅಕ್ಷರ, ಅಂದರೆ ಈ ಬ್ಯಾಕ್ಟೀರಿಯಾಕ್ಕೆ ಆ ಔಷಧ ನಾಟುವುದಿಲ್ಲ.

"ಅಮ್ಮನಿಗೆ ಜ್ವರವೇ?"

"ಇಲ್ಲ."

"ಉರಿ, ನೋವು?"

"ಅದೂ ಇಲ್ಲ. ಮೂತ್ರ ವಾಸನೆ ಬರುತ್ತದೆ ಎಂದು ಆಯಾ ಹೇಳಿದರು. ಪರೀಕ್ಷೆ ಮಾಡಿಸಿ, ಸ್ಟ್ರಾಂಗ್ ಆ್ಯಂಟಿಬಯೋಟಿಕ್ ಕೊಡಿಸಿ ಎಂದು ನಾನೇ ಹೇಳಿದೆ."

ನಾವೆಲ್ಲ ಸುಮ್ಮನಾದೆವು. ಅಂಥ ಫೋನು ಮಾಡದವರು ನಮ್ಮಲ್ಲಿ ಯಾರು?

ಆರೈಕೆಯಲ್ಲಿರುವ ವೃದ್ಧರ ಮೂತ್ರದಲ್ಲಿ ಕಾಯಿಲೆ ಇಲ್ಲದೆಯೂ ಬ್ಯಾಕ್ಟೀರಿಯಾ ಇರುವುದು ಬಹಳ ಸಾಮಾನ್ಯ. ತಿಂಗಳುಗಟ್ಟಲೆ ಮೂತ್ರದ ನಳಿಗೆ ಹಾಕಿಕೊಂಡವರಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲೂ ಇರುತ್ತದೆ. ಜ್ವರ, ಚಳಿ, ಉರಿಯಂಥ ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಔಷಧ ಬೇಡ ಎನ್ನುತ್ತದೆ ವೈದ್ಯಶಾಸ್ತ್ರ. ಕೊಟ್ಟರೆ ಆಗುವುದಿಷ್ಟು: ಕರುಳಿನಲ್ಲಿರುವ ಬಡಪಾಯಿ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಕ್ಕೆ ಜಗ್ಗದವು ಆ ಜಾಗದಲ್ಲಿ ಬೆಳೆಯುತ್ತವೆ. ಮುಂದೆ ಅವು ಆಯಾಳ ಕೈ, ಬೆಡ್‌ಪ್ಯಾನು, ಮಂಚದ ಸರಳು, ಮೂತ್ರದ ಚೀಲಗಳ ಮೂಲಕ ಪಕ್ಕದ ಹಾಸಿಗೆಗೆ ಸಾಗುತ್ತವೆ. ಅಲ್ಲಿ ಮಲಗಿರುವವರೂ ಯಾರದೋ ತಾಯಿಯೇ.

ಹಾಸಿಗೆಯಿಂದ ಹಾಸಿಗೆಗಷ್ಟೇ ಅಲ್ಲ, ದೇಶದಿಂದ ದೇಶಕ್ಕೂ. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ಭಾರತೀಯ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ 2008ರಲ್ಲಿ ಕಂಡ ಬ್ಯಾಕ್ಟೀರಿಯಾ, ಕೊನೆಯ ಅಸ್ತ್ರವೆಂದು ಇಟ್ಟುಕೊಂಡ ಕಾರ್ಬಪೆನೆಮ್ ಔಷಧಗಳನ್ನೂ ಒಡೆದುಹಾಕುತ್ತಿತ್ತು. ಆ ಶಕ್ತಿ ಕೊಡುವ ಜೀನು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಅದಕ್ಕೆ ನವದೆಹಲಿಯ ಹೆಸರಿಟ್ಟಿದ್ದಕ್ಕೆ 2010ರಲ್ಲಿ ನಮ್ಮವರು ಬಹಳ ಸಿಟ್ಟಾದರು. ಹೆಸರಿನ ಜಗಳದಲ್ಲಿ ರೋಗದ ಮಾತು ಹಿಂದೆ ಬಿತ್ತು. ಮುಂದೆ ಒಮಾನಿನಲ್ಲೂ ನಮ್ಮ ಎಮಿರೇಟ್ಸ್‌ನಲ್ಲೂ ಅದು ಸಿಕ್ಕಿತು.

ಇಲ್ಲಿನ ಔಷಧದಂಗಡಿಯಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೇಳುವಂತಿಲ್ಲ. ಆದ್ದರಿಂದ ಊರಿಂದ ಬರುವಾಗ ಹಪ್ಪಳ, ಸಂಡಿಗೆಯ ಜೊತೆ ಎರಡು ಸ್ಟ್ರಿಪ್ ಮಾತ್ರೆ! ಆ ಸ್ಟ್ರಿಪ್ಪಿನ ಮೇಲಿನ ಕೆಂಪು ಗೆರೆಯನ್ನು ಗಮನಿಸಿದ್ದೀರಾ? ವೈದ್ಯರ ಚೀಟಿ ಇಲ್ಲದೆ ಬಳಸಬಾರದೆಂದು ಅದರ ಅರ್ಥ. 2016ರಲ್ಲಿ ಭಾರತ ಸರಕಾರ ಅದರ ಪ್ರಚಾರವನ್ನೇ ಕೈಗೊಂಡಿತ್ತು.

ಹಾಗೆಂದು ಹೆದರಿ ಹಿರಿಯರನ್ನು ಮುಟ್ಟದೆ ಕೂರಬೇಕಿಲ್ಲ. ಹಾಸಿಗೆಯ ಬಳಿ ಹೋಗುವ ಮುಂಚೆ, ಬಂದ ಮೇಲೆ ಕೈ ತೊಳೆದರಾಯಿತು. ಆಶ್ರಮದವರಿಗೆ ಫೋನು ಮಾಡಿದಾಗ ಯಾವ ಮಾತ್ರೆ ಎಂದು ಕೇಳುವುದಕ್ಕಿಂತ, ನಳಿಗೆ ಇನ್ನೂ ಬೇಕೇ, ಯಾವಾಗ ತೆಗೆಯುತ್ತೀರಿ ಎಂದು ಕೇಳೋಣ. ಅವರು ಇಲ್ಲಿಗೆ ಬಂದು ಆಸ್ಪತ್ರೆ ಸೇರಬೇಕಾದರೆ, ಊರಿನಲ್ಲಿ ಆಸ್ಪತ್ರೆಯಲ್ಲಿದ್ದದ್ದನ್ನು ಮುಚ್ಚಿಡದೆ ಮೊದಲೇ ಹೇಳೋಣ.

ಆ ಸದಸ್ಯರು ಅಂದೇ ರಾತ್ರಿ ಆಶ್ರಮದ ವೈದ್ಯರೊಡನೆ ಮಾತಾಡಿದರು. ಔಷಧ ಕೊಡಲಿಲ್ಲ, ನೀರು ಹೆಚ್ಚು ಕುಡಿಸಿದರು. ತಾಯಿ ಆರೋಗ್ಯವಾಗಿದ್ದಾರೆ, ಮಗ ವಾರಕ್ಕೊಮ್ಮೆಯಾದರೂ ಫೋನು ಮಾಡುವುದಿಲ್ಲವೆಂಬ ದೂರು ಮಾತ್ರ ಹಾಗೆಯೇ ಇದೆಯಂತೆ.