ಗಾಜಿನ ತೊಟ್ಟಿಯಲ್ಲಿ ಜಲವಾಸಿ ಕಪ್ಪೆ ಮತ್ತು ಮೀಸೆಮೀನುಗಳ ಸಹವಾಸ

ಕಪ್ಪೆಗಳನ್ನು ಉಭಯಚರಗಳೆಂದು ಕರೆಯುವುದು ವಾಡಿಕೆಯಾದರೂ, ಅವುಗಳಲ್ಲಿ ಕೆಲವು ತಮ್ಮ ಬಾಳಿನ ಎಲ್ಲ ಅವಸ್ಥೆಗಳನ್ನೂ ನೀರಿನಲ್ಲಿಯೇ ಕಳೆಯುತ್ತವೆ. ಪೈಪಿಡೇ ಕುಟುಂಬದ ಕಪ್ಪೆಗಳು ಇದಕ್ಕೆ ಉತ್ತಮ ನಿದರ್ಶನ. ಇವು ನೀರನ್ನು ಬಿಟ್ಟಿರಲಾರವಾದುದರಿಂದ, ಮನೆಯ ಅಕ್ವೇರಿಯಂನಲ್ಲಿ ಮೀನುಗಳೊಡನೆ ಇವನ್ನೂ ಸಾಕಬಹುದೆಂಬ ಭಾವನೆ ಸಹಜವಾಗಿ ಹುಟ್ಟುತ್ತದೆ. ತಳದಲ್ಲಿ ಉಳಿದ ಆಹಾರವನ್ನು ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತವೆಂಬ ನಂಬಿಕೆಯಿಂದ, ಕ್ಯಾಟ್‌ಫಿಶ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುವ ಮೀಸೆಮೀನುಗಳನ್ನು ಅವುಗಳ ಜೊತೆಗೆ ಬಿಡುವವರೂ ಉಂಟು. ಈ ಸಹವಾಸ ಎಷ್ಟರಮಟ್ಟಿಗೆ ಸಾಧ್ಯ, ಎಲ್ಲಿ ಅದು ಪ್ರಾಣಾಂತಿಕವಾಗುತ್ತದೆ ಎಂಬುದನ್ನು ಈ ಪ್ರಾಣಿಗಳ ದೇಹರಚನೆಯ ಆಧಾರದಿಂದ ವಿವರಿಸುವುದು ಈ ಲೇಖನದ ಉದ್ದೇಶ.

೧. ಪ್ರಾಣಿಗಳ ಪರಿಚಯ

ಸಾಕಣೆಯಲ್ಲಿ ಸಾಮಾನ್ಯವಾಗಿ ಕಾಣುವ ಜಲವಾಸಿ ಕಪ್ಪೆಗಳು ಎರಡು ಬಗೆ. ಮೊದಲನೆಯದು ದಕ್ಷಿಣ ಆಫ್ರಿಕದ ಉಗುರುಕಪ್ಪೆ, ಝೀನೋಪಸ್ ಲೀವಿಸ್. ಇದರ ಹೆಣ್ಣು ೧೦ ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುತ್ತದೆ; ಗಂಡು ಅದಕ್ಕಿಂತ ಚಿಕ್ಕದು. ೧೯೩೦ರ ಸುಮಾರಿಗೆ ಕೇಪ್‌ಟೌನಿನಲ್ಲಿ ಲ್ಯಾನ್ಸ್‌ಲಾಟ್ ಹಾಗ್‌ಬೆನ್ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದಾಗ ಈ ಕಪ್ಪೆ ಮೊಟ್ಟೆಯಿಡುವುದನ್ನು ಕಂಡುಕೊಂಡರು. ಅದರ ಫಲವಾಗಿ ಸ್ತ್ರೀಯರ ಗರ್ಭಧಾರಣೆಯ ಪರೀಕ್ಷೆಗಾಗಿ ಇದು ಹಲವು ದೇಶಗಳ ಆಸ್ಪತ್ರೆಗಳಿಗೂ ಪ್ರಯೋಗಶಾಲೆಗಳಿಗೂ ರವಾನೆಯಾಯಿತು. ೧೯೬೨ರಲ್ಲಿ ಜಾನ್ ಗರ್ಡನ್ ಅವರು ಪ್ರಕಟಿಸಿದ ಕೋಶಕೇಂದ್ರ ವರ್ಗಾವಣೆಯ ಪ್ರಯೋಗಗಳೂ ಈ ಕಪ್ಪೆಯ ಮೇಲೆಯೇ ನಡೆದವು. ಅವರಿಗೆ ೨೦೧೨ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಎರಡನೆಯದು ಹೈಮೆನೊಕೈರಸ್ ಕುಲದ ಕುಬ್ಜಕಪ್ಪೆ. ಇದು ೪ ಸೆಂಟಿಮೀಟರನ್ನು ಮೀರುವುದು ವಿರಳ. ಎಳೆಯ ಉಗುರುಕಪ್ಪೆಯನ್ನು ಕುಬ್ಜಕಪ್ಪೆಯೆಂದೇ ಬಗೆದು ಕೊಳ್ಳುವ ಪ್ರಮಾದ ಪದೇ ಪದೇ ನಡೆಯುವುದರಿಂದ ಅವುಗಳ ವ್ಯತ್ಯಾಸವನ್ನು ಅರಿತಿರುವುದು ಅವಶ್ಯ. ಕುಬ್ಜಕಪ್ಪೆಯ ಮುಂಗಾಲಿನ ಬೆರಳುಗಳ ನಡುವೆಯೂ ಜಾಲಪೊರೆಯಿರುತ್ತದೆ. ಉಗುರುಕಪ್ಪೆಯ ಮುಂಗಾಲಿನ ಬೆರಳುಗಳು ಬಿಡಿಬಿಡಿಯಾಗಿರುತ್ತವೆ.

ಮೀಸೆಮೀನುಗಳ ಗಣದಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಪ್ರಭೇದಗಳಿವೆ. ನಮ್ಮ ಕೆರೆಹೊಳೆಗಳ ಮುರುಗೋಡು, ಚೇಳುಮೀನು, ಬಾಳೆಮೀನುಗಳು ಈ ಗಣಕ್ಕೆ ಸೇರಿದವು. ಅಕ್ವೇರಿಯಂಗಳಲ್ಲಿ ಹೆಚ್ಚಾಗಿ ಇರುವುದು ದಕ್ಷಿಣ ಅಮೆರಿಕದ ಕೊರಿಡೋರಾಸ್ ಕುಲದ ಪುಟ್ಟ ಮೀನುಗಳು. ಇವುಗಳ ಮೈಮೇಲೆ ಎಲುಬಿನ ಫಲಕಗಳ ಕವಚವಿದೆ.

೨. ನುಂಗುವ ಬಾಯಿ ಮತ್ತು ನಿಲ್ಲುವ ಮುಳ್ಳು

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದನ್ನು ನಮ್ಮ ಹಿರಿಯರು ಮತ್ಸ್ಯನ್ಯಾಯವೆಂದು ಕರೆದರು. ತೊಟ್ಟಿಯಲ್ಲಿ ಈ ನ್ಯಾಯ ಕಪ್ಪೆಗೂ ಅನ್ವಯಿಸುತ್ತದೆ. ಉಗುರುಕಪ್ಪೆಗೆ ನಾಲಗೆಯಿಲ್ಲ. ನೀರಿನ ಅಲುಗಾಟವನ್ನು ಗುರುತಿಸುವ ಪಾರ್ಶ್ವರೇಖಾ ಇಂದ್ರಿಯಗಳು ಮೀನುಗಳಲ್ಲಿರುವಂತೆ ಇದರಲ್ಲಿ ಪ್ರೌಢಾವಸ್ಥೆಯಲ್ಲಿಯೂ ಉಳಿದಿರುತ್ತವೆ. ಆದುದರಿಂದ ಕತ್ತಲೆಯಲ್ಲಿಯೂ ಬೇಟೆಯ ದಿಕ್ಕನ್ನರಿತು, ಅದರ ಮೇಲೆ ಎರಗಿ, ಮುಂಗಾಲುಗಳಿಂದ ಬಾಯೊಳಕ್ಕೆ ತುರುಕಿಕೊಳ್ಳುತ್ತದೆ. ಬಾಯಲ್ಲಿ ಹಿಡಿಸುವ ಯಾವ ಪ್ರಾಣಿಯನ್ನೂ ಅದು ಬಿಡುವುದಿಲ್ಲ.

ಸಾಮಾನ್ಯ ಮೀನಾದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ಮೀಸೆಮೀನಿನ ಸಂಗತಿ ಬೇರೆ. ಅದರ ಬೆನ್ನಿನ ಈಜುರೆಕ್ಕೆಯ ಮುಂದೆಯೂ ಎದೆಯ ಎರಡು ಈಜುರೆಕ್ಕೆಗಳ ಮುಂದೆಯೂ ಗಡಸಾದ ಮುಳ್ಳುಗಳಿವೆ. ಬೆದರಿದ ಮೀನು ಇವನ್ನು ನೆಟ್ಟಗೆ ನಿಲ್ಲಿಸಿ, ಬುಡದ ಕೀಲಿನಲ್ಲಿ ಬಿಗಿದುಬಿಡುತ್ತದೆ. ಹಾಗೆ ಬಿಗಿದ ಮುಳ್ಳು ಹೊರಗಿನ ಒತ್ತಡಕ್ಕೆ ಮಡಿಸಿಕೊಳ್ಳುವುದಿಲ್ಲ. ಇಂಥ ಮೀನನ್ನು ಕಪ್ಪೆ ನುಂಗಹೋದರೆ ಮುಳ್ಳು ಗಂಟಲಿನಲ್ಲಿ ನಾಟಿಕೊಂಡು, ನುಂಗಲೂ ಉಗುಳಲೂ ಆಗದೆ ಎರಡೂ ಸಾಯುವ ಸಂಭವವುಂಟು. ಚೇಳುಮೀನಿನಂಥ ಪ್ರಭೇದಗಳಲ್ಲಿ ಎದೆಯ ಮುಳ್ಳು ವಿಷಯುಕ್ತವೂ ಆಗಿರುತ್ತದೆ. ಮೀಸೆಮೀನು ದೊಡ್ಡದಾಗಿದ್ದು ಕಪ್ಪೆ ಚಿಕ್ಕದಾಗಿದ್ದರೆ ಪಾತ್ರಗಳು ಅದಲುಬದಲಾಗುತ್ತವೆ, ಅಷ್ಟೆ. ಆಫ್ರಿಕದ ದೊಡ್ಡ ಮೀಸೆಮೀನಾದ ಕ್ಲೇರಿಯಸ್ ಗ್ಯಾರಿಪೈನಸ್ ಕಪ್ಪೆಗಳನ್ನೂ ತಿನ್ನುತ್ತದೆ. ಅದೂ ಉಗುರುಕಪ್ಪೆಯೂ ದಕ್ಷಿಣ ಆಫ್ರಿಕದ ನೀರುಗಳಲ್ಲಿ ಒಟ್ಟಿಗೇ ಇವೆಯಲ್ಲಾ ಎಂದು ಕೇಳಬಹುದು. ಅಲ್ಲಿ ತಪ್ಪಿಸಿಕೊಳ್ಳಲು ಕೆಸರೂ ಕಳೆಯೂ ವಿಸ್ತಾರವಾದ ನೀರೂ ಇವೆ. ಗಾಜಿನ ತೊಟ್ಟಿಯಲ್ಲಿ ಅವು ಯಾವುವೂ ಇಲ್ಲ.

೩. ಹಸಿವಿನಿಂದ ಒದಗುವ ಸಾವು

ಕುಬ್ಜಕಪ್ಪೆ ಮತ್ತು ಕೊರಿಡೋರಾಸ್‌ಗಳನ್ನು ಒಟ್ಟಿಗಿಟ್ಟಾಗ ಒಂದನ್ನೊಂದು ನುಂಗುವ ಭಯವಿಲ್ಲ. ಇಲ್ಲಿರುವ ಅಪಾಯ ಕಣ್ಣಿಗೆ ಬೀಳದಂಥದು. ಕುಬ್ಜಕಪ್ಪೆಯ ದೃಷ್ಟಿ ಮಂದ, ನಡೆ ನಿಧಾನ. ವಾಸನೆಯಿಂದಲೂ ನೀರಿನ ಚಲನೆಯಿಂದಲೂ ಆಹಾರದ ಸುಳಿವನ್ನು ಹಿಡಿದು, ಹತ್ತಿರ ಬಂದಮೇಲೆ ಥಟ್ಟನೆ ಬಾಯೊಳಗೆ ಹೀರಿಕೊಳ್ಳುವುದು ಅದರ ಕ್ರಮ. ಅಷ್ಟರೊಳಗೆ ಮೀಸೆಮೀನುಗಳು ತಮ್ಮ ಮೀಸೆಗಳಿಂದ ತಳವನ್ನೆಲ್ಲ ತಡಕಿ ತಿಂದು ಮುಗಿಸಿರುತ್ತವೆ. ತೊಟ್ಟಿಗೆ ದಿನವೂ ಆಹಾರ ಬೀಳುತ್ತಿದ್ದರೂ ಕಪ್ಪೆ ವಾರಗಟ್ಟಲೆ ಸೊರಗಿ ಸಾಯುತ್ತದೆ. ಸಾಕುವವರು ಅದನ್ನು ರೋಗವೆಂದು ಭಾವಿಸುತ್ತಾರೆ.

೪. ಒಂದೇ ನೀರು, ಬೇರೆ ಬೇರೆ ಅಗತ್ಯಗಳು

ಉಗುರುಕಪ್ಪೆಗೆ ೧೮ರಿಂದ ೨೨ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರು ಹಿತ; ಕುಬ್ಜಕಪ್ಪೆಗೆ ೨೪ರಿಂದ ೨೬ ಡಿಗ್ರಿ ಬೇಕು. ಕೊರಿಡೋರಾಸ್‌ಗಳಲ್ಲಿ ಬಹುಪಾಲು ೨೨ರಿಂದ ೨೬ ಡಿಗ್ರಿಯಲ್ಲಿ ಚೆನ್ನಾಗಿರುತ್ತವೆ. ಈ ದೃಷ್ಟಿಯಿಂದಲೂ ಅವಕ್ಕೆ ಕುಬ್ಜಕಪ್ಪೆಯೇ ತಕ್ಕ ಜೊತೆ. ಕಪ್ಪೆ ಶ್ವಾಸಕೋಶಗಳಿಂದ ಉಸಿರಾಡುತ್ತದೆ. ಕೊರಿಡೋರಾಸ್ ಕಿವಿರುಗಳ ಜೊತೆಗೆ, ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಕರುಳಿನ ಮೂಲಕ ಆಮ್ಲಜನಕವನ್ನು ಪಡೆಯುತ್ತದೆ. ಆದಕಾರಣ ನೀರಿಗೂ ಮುಚ್ಚಳಕ್ಕೂ ನಡುವೆ ಗಾಳಿಯ ತೆರವು ಇರಲೇಬೇಕು. ಕಪ್ಪೆ ಹಾರಿಹೋಗದಂತೆ ಮುಚ್ಚಳವೂ ಇರಬೇಕು.

ಕಪ್ಪೆಯ ಚರ್ಮ ನೀರನ್ನೂ ಅದರಲ್ಲಿ ಕರಗಿದ ಅನೇಕ ವಸ್ತುಗಳನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ನಲ್ಲಿಯ ನೀರಿನ ಕ್ಲೋರಿನ್, ತಾಮ್ರ ಅಥವಾ ಫಾರ್ಮಲಿನ್ ಬೆರೆತ ಮೀನಿನ ಔಷಧಗಳು ಅದಕ್ಕೆ ಹಾನಿಕರ. ಕಾಯಿಲೆಯ ಮೀನಿಗೆ ಬೇರೊಂದು ತೊಟ್ಟಿಯಲ್ಲಿಯೇ ಚಿಕಿತ್ಸೆ ನಡೆಯಬೇಕು.

೫. ತೊಟ್ಟಿಯ ಹೊರಗಿನ ಹೊಣೆ

ಕಪ್ಪೆಗಳ ಚರ್ಮಕ್ಕೆ ತಗಲುವ ಬ್ಯಾಟ್ರಕೋಕೈಟ್ರಿಯಂ ಡೆಂಡ್ರೊಬಟೈಡಿಸ್ ಎಂಬ ಶಿಲೀಂಧ್ರವನ್ನು ೧೯೯೯ರಲ್ಲಿ ಹೆಸರಿಸಿ ವರ್ಣಿಸಲಾಯಿತು. ಇದು ಹಲವು ಖಂಡಗಳಲ್ಲಿ ಕಪ್ಪೆಗಳ ಸಂತತಿಯನ್ನು ಕುಗ್ಗಿಸಿದೆ. ಉಗುರುಕಪ್ಪೆ ರೋಗಲಕ್ಷಣವನ್ನು ತೋರದೆಯೇ ಇದನ್ನು ಹೊತ್ತಿರಬಲ್ಲದು. ಕುಬ್ಜಕಪ್ಪೆ ಇದರಿಂದ ಸಾಯುವುದುಂಟು. ಪಶ್ಚಿಮ ಘಟ್ಟಗಳ ಕಪ್ಪೆಗಳಲ್ಲಿಯೂ ಈ ಶಿಲೀಂಧ್ರ ಪತ್ತೆಯಾಗಿದೆ. ಹೊರನಾಡಿನ ಹೊಸ ತಳಿ ಬಂದು ಸೇರಿದರೆ ಏನಾದೀತೆಂಬುದು ಕಳವಳದ ವಿಷಯ. ಉಗುರುಕಪ್ಪೆ ಚಿಲಿ, ಕ್ಯಾಲಿಫೋರ್ನಿಯ, ಫ್ರಾನ್ಸ್, ಸಿಸಿಲಿಗಳ ನೀರುಗಳಲ್ಲಿ ಈಗಾಗಲೇ ನೆಲೆಯೂರಿದೆ. ಮೇಲೆ ಹೇಳಿದ ಕ್ಲೇರಿಯಸ್ ಮೀನು ನಮ್ಮ ದೇಶದಲ್ಲಿಯೂ ಹರಡಿದ್ದು, ಅದರ ಸಾಕಣೆಯನ್ನು ಇಲ್ಲಿ ನಿಷೇಧಿಸಲಾಗಿದೆ. ಆದುದರಿಂದ ಬೇಡವಾದ ಪ್ರಾಣಿಯನ್ನು ಕೆರೆಗೆ ಬಿಡುವುದು ಕರುಣೆಯಲ್ಲ. ತೊಟ್ಟಿಯ ನೀರನ್ನು ಬ್ಲೀಚಿಂಗ್ ಪುಡಿಯಿಂದ ಶುದ್ಧಿಮಾಡಿಯೇ ಚೆಲ್ಲಬೇಕು. ಬಲೆಗಳನ್ನು ಪೂರ್ಣವಾಗಿ ಒಣಗಿಸಬೇಕು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳು ದೊರೆಯುತ್ತವೆ. ಉಗುರುಕಪ್ಪೆಯನ್ನು ತನ್ನ ಜಾತಿಯವುಗಳೊಡನೆ ಮಾತ್ರ ಇರಿಸತಕ್ಕದ್ದು. ದೊಡ್ಡದಾಗಿ ಬೆಳೆಯುವ ಮೀಸೆಮೀನಿನೊಡನೆ ಯಾವ ಕಪ್ಪೆಯನ್ನೂ ಇರಿಸಬಾರದು. ಕುಬ್ಜಕಪ್ಪೆ ಮತ್ತು ಚಿಕ್ಕ ಕೊರಿಡೋರಾಸ್‌ಗಳ ಸಹವಾಸ ಮಾತ್ರ ಷರತ್ತುಗಳ ಮೇಲೆ ಸಾಧ್ಯ. ಹೊಸ ಪ್ರಾಣಿಗಳನ್ನು ಒಂದು ತಿಂಗಳಿಗೂ ಹೆಚ್ಚು ಕಾಲ ಪ್ರತ್ಯೇಕವಾಗಿಟ್ಟು ಗಮನಿಸಿರಬೇಕು. ತೊಟ್ಟಿ ಆಳಕ್ಕಿಂತ ಅಗಲವಾಗಿರಬೇಕು. ತಳದಲ್ಲಿ ನುಣುಪಾದ ಮರಳಿರಬೇಕು. ಪ್ರತಿಯೊಂದು ಕಪ್ಪೆಯ ಮುಂದೆಯೂ ಗಾಜಿನ ನಳಿಕೆಯಿಂದ ಆಹಾರವನ್ನು ಬಿಟ್ಟು, ಅದು ತಿಂದಿತೆಂಬುದನ್ನು ಕಣ್ಣಾರೆ ನೋಡಬೇಕು. ಇಷ್ಟು ನಿಗಾ ವಹಿಸಲು ಸಮಯವಿಲ್ಲದವರು ಎರಡು ಬೇರೆ ತೊಟ್ಟಿಗಳನ್ನು ಇಡುವುದೇ ಲೇಸು. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗೆ ಅದರಿಂದ ನಷ್ಟವೇನೂ ಇಲ್ಲ. ಕಪ್ಪೆಯ ಆಹಾರಕ್ರಮವನ್ನೂ ಮೀನಿನ ಗಾಳಿ ನುಂಗುವಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡುವ ಅನುಕೂಲ ಆಗಲೂ ಅವನಿಗೆ ಇದ್ದೇ ಇರುತ್ತದೆ.